ಗೊಂಬೆಗಳ ಕೆಳಗಿನ ಎಂಜಿನ್

ಹ್ಯೂಸ್ಟನ್ನಿನ ಮಗ್ಗುಲಿನ ಶುಗರ್ ಲ್ಯಾಂಡಿನಲ್ಲಿ ಐವತ್ತು ದಾಟಿದ ಕನ್ನಡದ ಹೆಂಗಸರಿಗೆ ಎಡಗಾಲಿನಲ್ಲಿ ಬಲ ಹೆಚ್ಚು ಎಂದು ಒಂದು ತಮಾಷೆಯ ಮಾತಿದೆ. ಅವರಲ್ಲಿ ಅರ್ಧದಷ್ಟು ಮಂದಿ ಡ್ರೈವಿಂಗ್ ಕಲಿತದ್ದು ವಿಜಯಮ್ಮನವರ ಕಾರಿನಲ್ಲಿ. ಅದರ ಕ್ಲಚ್ ಅಂಥದ್ದು. ಒತ್ತುವಾಗ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗಾಗುತ್ತಿತ್ತು. ಕಲಿಯಲು ಬಂದವರು ಮೊದಲ ದಿನ ಅಳುತ್ತಿದ್ದರು. "ಅಳ್ರೀ, ಪರವಾಗಿಲ್ಲ. ಆದ್ರೆ ಕಾಲು ತೆಗೀಬೇಡಿ" ಎನ್ನುತ್ತಿದ್ದರು ವಿಜಯಮ್ಮ. "ಈ ಕ್ಲಚ್ ಒತ್ತಿದವಳಿಗೆ ಹ್ಯೂಸ್ಟನ್ನಿನ ಫ್ರೀವೇ ಏನೂ ಅಲ್ಲ."

ಕಾರಿಗೆ ಎರಡೇ ಬಾಗಿಲು, ಕಿತ್ತಳೆ ಬಣ್ಣ, ಮೂತಿಯಿಂದ ಬಾಲದವರೆಗೆ ಎರಡು ಕಪ್ಪು ಪಟ್ಟೆ. ೧೯೬೯ರ ಶೆವರ್ಲೆ. ನಮ್ಮವರೆಲ್ಲ ಬಿಳಿ, ಬೂದು ಬಣ್ಣದ ಸದ್ದಿಲ್ಲದ ಕಾರುಗಳಲ್ಲಿ ಗುಡಿಗೆ ಬರುವಾಗ ವಿಜಯಮ್ಮನವರ ಕಾರು ಬರುವುದು ಎರಡು ಬೀದಿ ಆಚೆಯಿಂದಲೇ ತಿಳಿಯುತ್ತಿತ್ತು. "ಲಾರಿ ಬಂತು" ಎಂದು ನಗುತ್ತಿದ್ದರು. ನಕ್ಕವರ ಹೆಂಡತಿಯರೇ ಶನಿವಾರ ಬೆಳಿಗ್ಗೆ ಆ ಲಾರಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು.

ವಿಜಯಮ್ಮ ನಂಜನಗೂಡಿನವರು. ಅಪ್ಪ ಸರ್ಕಾರಿ ಬಸ್ಸಿನ ಚಾಲಕ, ಗುಂಡ್ಲುಪೇಟೆ ರೂಟು. ಆಗಿನ ಬಸ್ಸುಗಳಲ್ಲಿ ಎಂಜಿನ್ ಚಾಲಕನ ಪಕ್ಕದಲ್ಲೇ, ದಪ್ಪ ಮುಚ್ಚಳದ ಕೆಳಗೆ ಇರುತ್ತಿತ್ತು. ಬಸ್ಸು ತುಂಬಿದಾಗ ಮಕ್ಕಳನ್ನು ಆ ಮುಚ್ಚಳದ ಮೇಲೆ ಕೂರಿಸುತ್ತಿದ್ದರು. ಬಿಸಿ ತಾಕದಂತೆ ಒಂದು ಗೋಣಿಚೀಲ, ಅದರ ಮೇಲೆ ಪುಟ್ಟ ವಿಜಯ. "ಎಂಜಿನ್ ಮೇಲೆ ಕೂತವರು ಬೀಳಲ್ಲ ಮಗಾ. ಗೇರ್ ಹಾಕೋವಾಗ ಅದು ಮಾತಾಡತ್ತೆ, ಕೇಳಿಸ್ಕೋ" ಎನ್ನುತ್ತಿದ್ದರಂತೆ ಅಪ್ಪ. ಆಕೆ ಕೇಳಿಸಿಕೊಂಡರು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಪೈಪ್‌ಲೈನ್ ಎಂಜಿನಿಯರ್ ಶ್ರೀಕಂಠಯ್ಯನವರ ಜೊತೆ ಹ್ಯೂಸ್ಟನ್ನಿಗೆ ಬಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಹಿಡಿದಾಗ ಅವರಿಗೆ ಬೇಕಾದದ್ದು ಒಂದೇ, ಕಾರು.

ಆ ಕಾರನ್ನು ತಂದವರು ಶ್ರೀಕಂಠಯ್ಯ. ತೊಂಬತ್ತನೆಯ ಇಸವಿ. ಅಷ್ಟು ಹಳೆಯ, ಅಷ್ಟು ಗಲಾಟೆಯ ಕಾರು ಆಗ ಯಾರಿಗೂ ಬೇಡವಾಗಿತ್ತು. ಅಗ್ಗಕ್ಕೆ ಸಿಕ್ಕಿತು, ತಂದರು. ಮೊದಲ ಸಲ ಪೆಟ್ರೋಲ್ ಹಾಕಿಸಿದ ದಿನ ಅವರ ಮುಖ ಸಣ್ಣದಾಯಿತು. ಕಾರು ತೆಗೆದುಕೊಳ್ಳುವ ಮುಂಚೆ ನಮ್ಮವರು ಕೇಳುವ ಮೊದಲ ಪ್ರಶ್ನೆಯನ್ನು ಅವರು ತೆಗೆದುಕೊಂಡ ಮೇಲೆ ಕೇಳಿದ್ದರು: ಮೈಲೇಜ್ ಎಷ್ಟು ಕೊಡತ್ತೆ?

ಕೊಡುತ್ತಿದ್ದುದು ಏನೂ ಇಲ್ಲ. ತೆಗೆದುಕೊಳ್ಳುತ್ತಿದ್ದುದೇ ಎಲ್ಲ. ಬಾನೆಟ್ಟಿನ ಕೆಳಗೆ ಇದ್ದದ್ದು ಆ ಕಾರಿಗೆ ಮೀರಿದ ಎಂಜಿನ್. ಒಂದು ವರ್ಷ ಸಹಿಸಿ, ಶ್ರೀಕಂಠಯ್ಯ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಅದನ್ನು ಇಳಿಸಿ, ಸೆಕೆಂಡ್‌ಹ್ಯಾಂಡ್ ಚಿಕ್ಕ ಎಂಜಿನ್ ಒಂದನ್ನು ಕೂರಿಸಿದರು. ದೊಡ್ಡದನ್ನು ತಾನೇ ಇಟ್ಟುಕೊಳ್ಳುತ್ತೇನೆ ಎಂದ ಮೆಕ್ಯಾನಿಕ್. ಶ್ರೀಕಂಠಯ್ಯನವರಿಗೆ ಮನಸ್ಸಾಗಲಿಲ್ಲ. ದುಡ್ಡು ಕೊಟ್ಟು ತಂದ ವಸ್ತುವನ್ನು ಕೆಡದಿರುವಾಗ ಬಿಟ್ಟು ಬರುವುದುಂಟೆ? ಟ್ರಕ್ಕಿನಲ್ಲಿ ಬಂದ ಎಂಜಿನ್ನನ್ನು ಸರಪಳಿ ಕಟ್ಟಿ ಗ್ಯಾರೇಜಿನ ಒಂದು ಮಗ್ಗುಲಿಗೆ ಇಳಿಸಿದರು. ಇಳಿಸಿದಲ್ಲೇ ಉಳಿಯಿತು. ಮನುಷ್ಯರಿಂದ ಎತ್ತಲು ಆಗುವ ಭಾರವಲ್ಲ ಅದು.

ಚಿಕ್ಕದಕ್ಕೂ ಗಲಾಟೆಯೇನು ಕಡಿಮೆಯಿರಲಿಲ್ಲ. ಆದರೆ ವಿಜಯಮ್ಮ ಅದನ್ನು ಒಮ್ಮೆ ಕೇಳಿ, "ಸ್ವರ ಹೋಯ್ತು" ಎಂದಷ್ಟೇ ಅಂದರು.

ಅದೇ ವರ್ಷ ನಂಜನಗೂಡಿನಿಂದ ಪಟ್ಟದ ಗೊಂಬೆಗಳು ಬಂದವು. ಕರಿಮರದ ರಾಜ, ರಾಣಿ. ಅಮ್ಮ ಕಳಿಸಿದ್ದು. ದಸರಾಕ್ಕೆ ಗೊಂಬೆ ಕೂರಿಸಲು ಆ ಚಿಕ್ಕ ಮನೆಯಲ್ಲಿ ಗ್ಯಾರೇಜು ಬಿಟ್ಟರೆ ಜಾಗವಿರಲಿಲ್ಲ. ಗ್ಯಾರೇಜಿನ ಒಂದು ಪಾಲು ಕಾರಿಗೆ, ಇನ್ನೊಂದು ಪಾಲಿನ ನಡುವೆ ಎಂಜಿನ್. ವಿಜಯಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದರ ಮೇಲೆ ಒಂದು ಹಲಗೆ ಹಾಕಿದರು. ಎತ್ತರ ಸರಿಹೋಯಿತು. ಸುತ್ತ ಹಲಗೆಗಳನ್ನು ಜೋಡಿಸಿ, ಮೇಲೆ ಧಾರೆ ಸೀರೆ ಹೊದಿಸಿ, ರಾಜ ರಾಣಿಯರನ್ನು ಕೂರಿಸಿದರು. ಮಕ್ಕಳು ಓಡಾಡಿ ಗುದ್ದಿದರೂ ಮೆಟ್ಟಿಲು ಅಲುಗಲಿಲ್ಲ. ಎಂಜಿನ್ ಮೇಲೆ ಕೂತವರು ಬೀಳುವುದಿಲ್ಲ.

ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ ನಡೆಯಿತು. ಗ್ಯಾರೇಜಿನ ಆ ಪಾಲಿಗೆ ಗೋಡೆಗೆ ಬಣ್ಣ ಬಂತು, ನೆಲಕ್ಕೆ ಕಾರ್ಪೆಟ್ ಬಂತು, ಗೊಂಬೆಗಳ ಸಂತಾನ ಬೆಳೆಯಿತು. ಹ್ಯೂಸ್ಟನ್ನಿನ ಹಸಿ ಗಾಳಿಗೆ ಕಬ್ಬಿಣ ಒಂದು ಮಳೆಗಾಲದಲ್ಲಿ ಕೆಂಪಾಗುತ್ತದೆ. ಆದರೆ ವಿಜಯಮ್ಮ ಹಲಗೆ ಜೋಡಿಸುವ ಮುಂಚೆ ಎಂಜಿನ್ನಿಗೆ ಹರಳೆಣ್ಣೆ ಸವರುತ್ತಿದ್ದರು, ಊರಿನಲ್ಲಿ ಅಮ್ಮ ಈಳಿಗೆಮಣೆಗೆ ಸವರುತ್ತಿದ್ದ ಹಾಗೆ. ಎಣ್ಣೆಯ ಮೇಲೆ ಒಂದು ಬೊಟ್ಟು ಕುಂಕುಮ. ಕೆಲಸ ಮಾಡಲಿ ಬಿಡಲಿ, ಅದೂ ಆಯುಧವೇ.

ಮಗಳು ನಿಹಾರಿಕಾ ಈ ಕಾರಿನಿಂದ ಬಹಳ ನೊಂದವಳು. ಸ್ಕೂಲಿಗೆ ಒಂದು ಬೀದಿ ಮುಂಚೆಯೇ ಇಳಿದುಬಿಡುತ್ತಿದ್ದಳು. "ಅಮ್ಮಾ, ಪ್ಲೀಸ್, ಸ್ಟಾಪ್ ಹಿಯರ್." ಈಗ ಅವಳು ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿ ಮನೆ ಮಾಡಿಕೊಂಡು ಚಿಪ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ಮೇಜಿನ ಮೇಲೆ ಒಂದು ಹಳೆಯ ಫೋಟೊ: ಅಮ್ಮ ಹತ್ತಿ ಸೀರೆಯುಟ್ಟು ಕಾರಿನ ಹಿಂಬದಿಗೆ ಒರಗಿ ನಿಂತಿರುವುದು. ಒಂದು ದಿನ ಪಕ್ಕದ ಮೇಜಿನವನು ಆ ಫೋಟೊ ಎತ್ತಿಕೊಂಡು ಕೆಳಗಿಡಲೇ ಇಲ್ಲ. ಅವನು ನೋಡುತ್ತಿದ್ದುದು ಸೀರೆಯನ್ನಲ್ಲ, ಸೆರಗಿನ ಪಕ್ಕದಲ್ಲಿ ಕಾಣುತ್ತಿದ್ದ ಬೆರಳುದ್ದದ ಲೋಹದ ಬಿಲ್ಲೆಯನ್ನು. ಅದರ ಮೇಲೆ 'ಬ್ರ್ಯಾನಿಗನ್, ಹ್ಯೂಸ್ಟನ್' ಎಂದಿತ್ತು.

ಅವನಿಂದಲೇ ಕಥೆ ತಿಳಿಯಿತು. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಡೀಲರುಗಳಿಗೆ ಒಂದು ಹುಚ್ಚು. ಕಂಪನಿಯಿಂದ ಬಂದ ಹೊಸ ಕಾರನ್ನು ಹಾಗೇ ಮಾರದೆ, ತಮ್ಮ ಶೆಡ್ಡಿನಲ್ಲೇ ಅದರ ಎಂಜಿನ್ ಇಳಿಸಿ, ಕಂಪನಿಯವರು ಹಾಕಲು ಹೆದರುವಷ್ಟು ದೊಡ್ಡದನ್ನು ಕೂರಿಸಿ, ತಮ್ಮ ಹೆಸರಿನ ಬಿಲ್ಲೆ ಬಡಿದು ಮಾರುತ್ತಿದ್ದರು. ಅಂಗಡಿಯ ಸೀರೆಗೆ ಮನೆಯಲ್ಲಿ ಕುಚ್ಚು ಕಟ್ಟಿದ ಹಾಗೆ. ಬ್ರ್ಯಾನಿಗನ್ ಅಂಥವನೊಬ್ಬ. ಅವನ ಅಂಗಡಿ ಮುಚ್ಚಿ ಯಾವ ಕಾಲವೋ ಆಯಿತು. ಅವನು ಮಾಡಿದ ಕಾರುಗಳು ಕೆಲವೇ, ಉಳಿದವು ಇನ್ನೂ ಕಡಿಮೆ. ಅಸಲಿ ಎಂದು ಸಾಬೀತಾದರೆ ಅದರ ಬೆಲೆಗೆ ಸೀಡರ್ ಪಾರ್ಕಿನಲ್ಲಿ ಒಳ್ಳೆಯ ಮನೆ ಬರುತ್ತದೆ. ಬಿಲ್ಲೆ ಯಾರು ಬೇಕಾದರೂ ಅಂಟಿಸಬಹುದು, ಹಾಗಾಗಿ ನಕಲಿಗಳೂ ಬೇಕಾದಷ್ಟು. ನಕಲಿಗೆ ಒಂದು ಸಾಧಾರಣ ಹೊಸ ಕಾರಿನ ಬೆಲೆ, ಅಷ್ಟೆ.

ಹೋದ ವರ್ಷದ ವಸಂತದಲ್ಲಿ ವಿಜಯಮ್ಮ ಕಾರನ್ನು ಡಾಲಸ್ಸಿಗೆ ಓಡಿಸಿಕೊಂಡು ಹೋದರು. ಅಲ್ಲಿ ವರ್ಷಕ್ಕೆ ಎರಡು ಸಲ ಹಳೆಯ ಕಾರುಗಳ ಮೇಳ ನಡೆಯುತ್ತದೆ. ಬೆಲೆ ಕಟ್ಟುವವರು ಬಂದು ನೋಡುತ್ತಾರೆ. ಬ್ರ್ಯಾನಿಗನ್ ಕಾರುಗಳ ವಿಷಯದಲ್ಲಿ ಕೊನೆಯ ಮಾತು ಡ್ವೈಟ್ ಹೋಲ್ಕಂ ಎಂಬಾತನದು. ಎತ್ತರದ ಆಳು, ಎಪ್ಪತ್ತರ ಹತ್ತಿರ, ದೊಡ್ಡ ಹ್ಯಾಟು. ಬಾನೆಟ್ ಎತ್ತಿ ಚಿಕ್ಕ ಎಂಜಿನ್ ನೋಡಿದ. ಮತ್ತೆ ಮೆತ್ತಗೆ ಮುಚ್ಚಿದ.

"ಚೆಂದದ ನಕಲು, ಮ್ಯಾಮ್" ಎಂದ.

"ಮೂಲದ ಎಂಜಿನ್ ಮನೇಲಿದೆ" ಎಂದರು ವಿಜಯಮ್ಮ.

ಸುತ್ತ ನಿಂತವರು ನಕ್ಕರು. ಮೂಲದ ಎಂಜಿನ್ ಯಾವಾಗಲೂ ಯಾರದೋ ಮನೆಯಲ್ಲಿ, ಯಾರದೋ ಮಾವನ ಕೊಟ್ಟಿಗೆಯಲ್ಲಿ ಇರುತ್ತದೆಯಂತೆ. ಅದು ಆ ಲೋಕದ ಹಳೆಯ ಜೋಕು. ಹೋಲ್ಕಂ ಮಾತ್ರ ನಗಲಿಲ್ಲ. "ನನ್ನ ಕಣ್ಣಿಗೆ ಕಾಣಬೇಕು, ಬೆರಳಿಗೆ ತಾಕಬೇಕು. ಆಗ ಮಾತು ಬದಲಾಯಿಸ್ತೀನಿ" ಎಂದ.

ಹಿಂದಿರುಗುವ ದಾರಿಯುದ್ದಕ್ಕೂ ವಿಜಯಮ್ಮನವರಿಗೆ 'ನಕಲು' ಎಂಬ ಮಾತು ಚುಚ್ಚುತ್ತಿತ್ತು. ಬೆಲೆ ಹೋಯಿತೆಂದಲ್ಲ. ಎಷ್ಟೋ ವರ್ಷ ತಮ್ಮನ್ನು ಹೊತ್ತು ತಿರುಗಿದ ಕಾರಿಗೆ ನಾಲ್ಕು ಜನರ ಮುಂದೆ ಆ ಹೆಸರು ಬಂತಲ್ಲ ಎಂದು. ಶ್ರೀಕಂಠಯ್ಯ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಕೊನೆಗೆ, "ಮೈಲೇಜ್ ಚೆನ್ನಾಗೇ ಕೊಡ್ತಿದೆ, ಅಲ್ವಾ?" ಎಂದರು. ವಿಜಯಮ್ಮ ಗೇರ್ ಬದಲಾಯಿಸಿದರು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ.

ಎಂಜಿನ್ ನೋಡಲು ಹೋಲ್ಕಂ ಜುಲೈಯಲ್ಲಿ ಬರಬೇಕಿತ್ತು. ಚಂಡಮಾರುತ ಬಂತು, ಅವನು ಬರಲಿಲ್ಲ. ಮತ್ತೆ ಫೋನು ಮಾಡಿದಾಗ ಎತ್ತಿದವರು ಶ್ರೀಕಂಠಯ್ಯ. ಅಕ್ಟೋಬರಿನಲ್ಲಿ ಒಂದು ಗುರುವಾರ ಮಾತ್ರ ಹ್ಯೂಸ್ಟನ್ನಿನಲ್ಲಿ ಇರುತ್ತೇನೆ, ನವೆಂಬರಿನ ಡಾಲಸ್ ಮೇಳಕ್ಕೆ ಅದೇ ಕೊನೆಯ ಅವಕಾಶ ಎಂದ. ಶ್ರೀಕಂಠಯ್ಯ ಗೋಡೆಯ ಮೇಲಿದ್ದ ಬ್ಯಾಂಕಿನ ಕ್ಯಾಲೆಂಡರ್ ನೋಡಿ, ಖಾಲಿ ಚೌಕ ಕಂಡು, ಧಾರಾಳವಾಗಿ ಬನ್ನಿ ಎಂದರು. ಆ ಗುರುವಾರ ಬಂದದ್ದು ನವರಾತ್ರಿಯ ನಡುವೆ. ಅಷ್ಟು ಹೊತ್ತಿಗೆ ಕಲಶ ಇಟ್ಟಾಗಿತ್ತು, ಪಟ್ಟದ ಗೊಂಬೆಗಳು ಕೂತಾಗಿತ್ತು, ಅವುಗಳ ಕೆಳಗೆ ಎಂಜಿನ್ ಸೀರೆ ಹೊದ್ದು ಕೂತಿತ್ತು. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸುವವರೆಗೆ ಯಾವುದನ್ನೂ ಕದಲಿಸುವಂತಿಲ್ಲ.

"ಕ್ಯಾಲೆಂಡರ್‌ನಲ್ಲಿ ದಸರಾ ಹಾಕಿರ್ಲಿಲ್ಲ ವಿಜಯಾ."

"ಬ್ಯಾಂಕಿನವರು ಹಾಕ್ತಾರೇನ್ರೀ?"

"ಒಂದರ್ಧ ಗಂಟೆ ರಾಜ ರಾಣೀನ ಸೋಫಾ ಮೇಲೆ ಕೂರಿಸೋಣ. ದೇವರೇನು ಕೋಪಿಸ್ಕೊಳ್ತಾನಾ?"

"ದೇವರು ಕೋಪಿಸ್ಕೊಳ್ಳಲ್ಲ. ನಾನು ಕೋಪಿಸ್ಕೊಳ್ತೀನಿ."

ಸೀಡರ್ ಪಾರ್ಕಿನಿಂದ ಬಂದಿದ್ದ ನಿಹಾರಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಮ್ಮಾ, ಆರ್ ಯೂ ಸೀರಿಯಸ್? ಹೀ ವೋಂಟ್ ಕಮ್ ಬ್ಯಾಕ್."

"ಹೋಗ್ಲಿ. ಒಂದು ಮಾತು ಉಳಿಸ್ಕೊಳ್ಳೋಕೆ ಇನ್ನೊಂದು ಮುರಿಯಲ್ಲ ನಾನು." ಅಂದವರ ದನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಆ ದಿನ ಅವರು ಎರಡು ಸಲ ಗ್ಯಾರೇಜಿಗೆ ಹೋಗಿ ಸೀರೆಯ ಅಂಚನ್ನು ಎತ್ತಿ ಎತ್ತಿ ನೋಡಿ ಬಂದದ್ದು ಮಗಳಿಗೆ ಕಂಡಿತ್ತು.

ಗುರುವಾರ ಮಧ್ಯಾಹ್ನ ಹೋಲ್ಕಂ ಬಂದಾಗ ಗ್ಯಾರೇಜಿನ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ಸೆಕೆಗೆ ಫ್ಯಾನು ಗಿರ್ರೆನ್ನುತ್ತಿತ್ತು. ಕಡಲೆಕಾಳು ಉಸಲಿಯ ವಾಸನೆ. ಒಂದು ಪಾಲಿನಲ್ಲಿ ಕಿತ್ತಳೆ ಕಾರು, ಇನ್ನೊಂದರಲ್ಲಿ ಚಾವಣಿಯವರೆಗೆ ಗೊಂಬೆಗಳು. ಅವನು ಬಾಗಿಲಲ್ಲೇ ನಿಂತ.

"ಎಂಜಿನ್ ಎಲ್ಲಿ, ಮ್ಯಾಮ್?"

ವಿಜಯಮ್ಮ ರಾಜ ರಾಣಿಯರ ಕಡೆ ತೋರಿಸಿದರು. "ಅವರ ಕೆಳಗೆ."

ಅವನು ಗೊಂಬೆಗಳನ್ನು ನೋಡಿದ, ಹೆಂಗಸರನ್ನು ನೋಡಿದ. "ಸ್ವಲ್ಪ ಸರಿಸಬಹುದಾ?"

"ಇಲ್ಲ" ಎಂದರು ವಿಜಯಮ್ಮ. ಯಾಕೆಂದು ಎರಡೇ ಮಾತಿನಲ್ಲಿ ಹೇಳಿದರು. ಆಮೇಲೆ, "ಮುಂದಿನ ಸೀರೆ ಎತ್ತಬಹುದು. ಮಲಗಿಕೊಂಡು ತಲೆ ಒಳಗೆ ಹಾಕಿದ್ರೆ ನಂಬರಿನ ತನಕ ಕೈ ಹೋಗತ್ತೆ. ನಿನ್ನೆ ನಾನೇ ಹೋಗಿ ನೋಡಿದೀನಿ" ಎಂದರು.

"ಫೋನಲ್ಲಿ ಫೋಟೊ ತೆಗೆದುಕೊಡ್ಲಾ?" ಎಂದಳು ನಿಹಾರಿಕಾ ಇಂಗ್ಲಿಷಿನಲ್ಲಿ.

"ಫೋಟೊ ಸುಳ್ಳು ಹೇಳುತ್ತೆ, ಮಗಳೇ. ನಂಬರು ಕೆರೆದು ಬೇರೆ ಹೊಡೆದಿದ್ರೆ ಬೆರಳಿಗೆ ಮಾತ್ರ ಗೊತ್ತಾಗೋದು." ಹೋಲ್ಕಂ ನಿಟ್ಟುಸಿರು ಬಿಟ್ಟು ಹ್ಯಾಟು ತೆಗೆದ. ಬೂಟು ಬಿಚ್ಚಿದ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ವಿಜಯಮ್ಮ ಜಮಖಾನ ಹಾಸಿದರು. ಆ ಎತ್ತರದ ಆಳು ಮೊದಲು ಮಂಡಿಯೂರಿ, ಆಮೇಲೆ ಅಂಗೈ ಊರಿ, ಕೊನೆಗೆ ಗೊಂಬೆಗಳ ಮುಂದೆ ಉದ್ದಕ್ಕೆ ಬೋರಲು ಮಲಗಿದ.

ತಾಂಬೂಲದ ಚೀಲ ಹಿಡಿದು ಕೂತಿದ್ದ ಎಂಬತ್ತರ ಲಲಿತಮ್ಮ ಕನ್ನಡಕ ಸರಿಮಾಡಿಕೊಂಡರು. "ನೋಡ್ರೇ, ಸಾಷ್ಟಾಂಗ! ನಮ್ಮ ಹುಡುಗರು ಕೈ ಮುಗಿಯೋಕೂ ಗೋಳಾಡ್ತಾವೆ."

"ಅಜ್ಜಿ, ಅವರು ಎಂಜಿನ್ ನೋಡ್ತಿರೋದು" ಎಂದರು ಯಾರೋ.

"ಏನಾದ್ರೂ ನೋಡ್ಲಿ. ಮಲಗಿದಾನೆ ತಾನೆ?"

ನಿಹಾರಿಕಾ ಕಾರಿನ ಹತ್ತಿರ ಹೋದಳು. ಮುಂದಿನ ಗಾಜಿನ ಮೂಲೆಯಲ್ಲಿ ಕಾರಿನ ನಂಬರಿನ ಪಟ್ಟಿ ಇದೆ. ಬ್ರ್ಯಾನಿಗನ್ ತಾನು ಕೂರಿಸಿದ ಎಂಜಿನ್ನಿನ ಮೇಲೆ ಆ ನಂಬರಿನ ಕೊನೆಯ ಅಂಕಿಗಳನ್ನು ಸುತ್ತಿಗೆಯಿಂದ ತಾನೇ ಹೊಡೆಯುತ್ತಿದ್ದನಂತೆ. ಪಕ್ಕದಲ್ಲಿ ಒಂದು ಓರೆ ನಕ್ಷತ್ರ. ಈ ಗುಟ್ಟನ್ನು ಹೋಲ್ಕಂ ಮಲಗುವ ಮುಂಚೆಯಷ್ಟೇ ಹೇಳಿದ್ದ. ಅವು ತಾಳೆಯಾದರೆ ಕಾರು ಅಸಲಿ. ಇಲ್ಲದಿದ್ದರೆ ಇಲ್ಲ.

ಸೀರೆಯ ಒಳಗಿಂದ ದನಿ ಬಂತು. "ಎಣ್ಣೆ ಇದೆ ಇಲ್ಲಿ. ಯಾವ ಎಣ್ಣೆ ಇದು?"

"ಹರಳೆಣ್ಣೆ" ಎಂದರು ವಿಜಯಮ್ಮ. "ಪ್ರತಿ ವರ್ಷ ಹಾಕ್ತೀನಿ."

ಫ್ಯಾನು ತಿರುಗಿತು, ರಾಣಿಯ ಜರಿಯ ಸೆರಗು ಒಮ್ಮೆ ಮಿಂಚಿತು.

"ಐದು" ಎಂದಿತು ದನಿ.

ನಿಹಾರಿಕಾ ಗಾಜಿಗೆ ಮೂಗು ತಾಗಿಸಿದಳು. "ಯೆಸ್."

"ಸೊನ್ನೆ."

"ಯೆಸ್."

"ಎರಡು."

"ಯೆಸ್."

ಶ್ರೀಕಂಠಯ್ಯ ಒಂದು ಕೈಯಲ್ಲಿ ಉಸಲಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಚಮಚ ಬಾಯಿಗೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಏಳು. ಸ್ವಲ್ಪ ವಾಲಿದೆ."

"ಯೆಸ್." ನಿಹಾರಿಕಾಳ ದನಿ ಸಣ್ಣದಾಯಿತು.

"ಒಂದು."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಒಂದು. ಹೌದಮ್ಮಾ, ಒಂದು" ಎಂದಳು, ಕನ್ನಡದಲ್ಲಿ.

ಸೀರೆಯ ಅಂಚು ಸ್ವಲ್ಪ ಅಲುಗಿತು. ಅವನು ಬೆರಳಾಡಿಸುತ್ತಿದ್ದ ಎಂದು ಕಾಣುತ್ತದೆ. ಆಮೇಲೆ, ತನಗೇ ಹೇಳಿಕೊಂಡಂತೆ, "ನಕ್ಷತ್ರ ಇದೆ" ಎಂದ.

ಅವನು ಹೊರಬಂದು ಕೂತಾಗ ಹಣೆಯ ಮೇಲೆ ಎಣ್ಣೆ ಕುಂಕುಮದ ಒಂದು ಪಟ್ಟೆ ಮೂಡಿತ್ತು. ಎಷ್ಟೋ ದಸರಾಗಳ ಕುಂಕುಮ. ಒರೆಸಿಕೊಳ್ಳಲು ಕರವಸ್ತ್ರ ತೆಗೆದವನನ್ನು ಲಲಿತಮ್ಮ ಗದರಿದರು: "ಇರ್ಲಿ ಬಿಡಪ್ಪಾ!" ಮಾತು ತಿಳಿಯದಿದ್ದರೂ ಅವನು ಕರವಸ್ತ್ರ ಒಳಗಿಟ್ಟ.

"ಮ್ಯಾಮ್, ನಾನು ತಪ್ಪು ಹೇಳಿದ್ದೆ" ಎಂದ ವಿಜಯಮ್ಮನವರಿಗೆ. "ಇದು ಬ್ರ್ಯಾನಿಗನ್ನನ ಕೈಯದೇ. ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದು ನೋಡಿಲ್ಲ."

"ಡಾಲಸ್ಸಿನಲ್ಲಿ ಎಲ್ಲರ ಮುಂದೆ ಹೇಳಿದ್ರಿ" ಎಂದರು ವಿಜಯಮ್ಮ. "ಇದನ್ನೂ ಅಲ್ಲೇ ಹೇಳಿ." ಆಮೇಲೆ ಅವನ ಕೈಗೆ ಉಸಲಿಯ ಬಟ್ಟಲು ಕೊಟ್ಟರು.

ನವೆಂಬರಿನಲ್ಲಿ ಅವರು ಡಾಲಸ್ಸಿಗೆ ಹೋದ ಬಗೆಯನ್ನು ಶುಗರ್ ಲ್ಯಾಂಡಿನಲ್ಲಿ ಈಗಲೂ ಹೇಳುತ್ತಾರೆ. ಮುಂದೆ ಕಿತ್ತಳೆ ಕಾರು, ಚಿಕ್ಕ ಎಂಜಿನ್ನಿನಲ್ಲಿ, ವಿಜಯಮ್ಮನವರೇ ಸ್ಟಿಯರಿಂಗಿನಲ್ಲಿ. ಹಿಂದೆ ಬಾಡಿಗೆ ಟ್ರಕ್ಕಿನಲ್ಲಿ ಅದೇ ಧಾರೆ ಸೀರೆ ಹೊದ್ದ ದೊಡ್ಡ ಎಂಜಿನ್, ಅದರ ಪಕ್ಕದಲ್ಲಿ ಕಾವಲಿಗೆ ಎಂಬಂತೆ ಬಿಗಿಯಾಗಿ ಕೂತ ಶ್ರೀಕಂಠಯ್ಯ. ಅದರ ಹಿಂದೆ ಎಂಟ್ಹತ್ತು ಕಾರು, ಎಲ್ಲದರಲ್ಲೂ ಸ್ಟಿಯರಿಂಗ್ ಹಿಡಿದದ್ದು ಹೆಂಗಸರೇ, ಒಂದು ಕಾಲಕ್ಕೆ ಆ ಕ್ಲಚ್ಚಿನ ಮುಂದೆ ಅತ್ತವರು. ಮೇಳದಲ್ಲಿ ಹೋಲ್ಕಂ ಮೈಕು ಹಿಡಿದು ಮಾತು ಹಿಂತೆಗೆದುಕೊಂಡ. ಕಾರಿನ ಮುಂದೆ ನಿಲ್ಲಿಸಿದ ಹಲಗೆಯ ಮೇಲೆ ಅವನೇ ಬರೆಸಿದ್ದ: ಎಂಜಿನ್ ಮೂಲದ್ದು, ರಾಜ ರಾಣಿಯ ಗೊಂಬೆಗಳ ಕೆಳಗೆ ಕಾಪಾಡಲ್ಪಟ್ಟದ್ದು.

ಕೊಳ್ಳುವವರು ಬಂದರು. ಸೀಡರ್ ಪಾರ್ಕಿನ ಮನೆಯ ಬೆಲೆಗಿಂತಲೂ ಹೆಚ್ಚು ಕೊಡುತ್ತೇವೆಂದರು. ವಿಜಯಮ್ಮ ಎಲ್ಲರ ಮಾತನ್ನೂ ಗೌರವದಿಂದ ಕೇಳಿ, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ದೊಡ್ಡ ಎಂಜಿನ್ ಮತ್ತೆ ಕೂರಿಸಲು ಒಳ್ಳೆಯ ಮೆಕ್ಯಾನಿಕ್ ಯಾರೆಂದು ಹೋಲ್ಕಂನನ್ನು ಕೇಳಿದರು. ಅವನು ಹೆಸರು ಹೇಳಿದ, ಜೊತೆಗೆ ಎಚ್ಚರಿಕೆಯನ್ನೂ ಹೇಳಿದ. ಇಂಥ ಕಾರನ್ನು ಓಡಿಸಿದಷ್ಟೂ ಬೆಲೆ ಇಳಿಯುತ್ತದೆ.

ಶ್ರೀಕಂಠಯ್ಯ ಹಿಂದಿರುಗುವಾಗಲೇ ಲೆಕ್ಕ ಹಾಕಿದರು. "ವಿಜಯಾ, ಗುಡಿಗೆ ಒಂದು ಸಲ ಹೋಗಿ ಬಂದ್ರೆ ಎಷ್ಟು ಕಡಿಮೆ ಆಗತ್ತೆ ಗೊತ್ತಾ?"

"ಹುಂಡಿಗೆ ಹಾಕಿದ್ವಿ ಅಂದ್ಕೊಳ್ಳಿ."

ಸಂಕ್ರಾಂತಿಯ ಹೊತ್ತಿಗೆ ಎಂಜಿನ್ ತನ್ನ ಜಾಗಕ್ಕೆ ಮರಳಿತು. ಎಳ್ಳು ಬೀರಲು ಬಂದವರೆಲ್ಲ ಡ್ರೈವ್‌ವೇಯಲ್ಲಿ ಸೇರಿದ್ದರು. ವಿಜಯಮ್ಮ ಚಪ್ಪಲಿ ಬಿಟ್ಟು ಒಳಗೆ ಕೂತರು, ಎಡಗಾಲು ಒತ್ತಿದರು, ಕೀ ತಿರುಗಿಸಿದರು. ಆ ಸದ್ದು ಮೊದಲು ನೆಲದಿಂದ ಅಂಗಾಲಿಗೆ ಬಂತು, ಆಮೇಲೆ ಕಿವಿಗೆ. ಪಕ್ಕದ ಮನೆಯ ಕಿಟಕಿಯ ಗಾಜು ನಡುಗಿತು. ವಿಜಯಮ್ಮ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೇಳುತ್ತ ಕೂತರು. ನಿಹಾರಿಕಾ ಪಕ್ಕದ ಬಾಗಿಲು ತೆಗೆದು ಹತ್ತಿದಳು. ಎಲ್ಲಿಗೆ ಎಂದು ಅಮ್ಮ ಕೇಳಿದ್ದಕ್ಕೆ, ತಾನು ಓದಿದ ಸ್ಕೂಲಿನ ಬಾಗಿಲ ತನಕ ಎಂದಳು.

ಈ ವರ್ಷ ದಸರಾ ಬೇಗ ಬಂತು. ಗೊಂಬೆ ಜೋಡಿಸುವ ದಿನ ಶ್ರೀಕಂಠಯ್ಯ ಅಂಗಡಿಗೆ ಹೋಗಿ ಗಟ್ಟಿಯಾದ ಮರದ ಮೇಜೊಂದನ್ನು ತಂದರು. ಕೆಳಗಿನ ಮೆಟ್ಟಿಲಿಗೆ ಆಧಾರ ಬೇಕಲ್ಲ. ವಿಜಯಮ್ಮ ಅದನ್ನು ಒಮ್ಮೆ ಅಲುಗಾಡಿಸಿ ನೋಡಿ, ಅಡುಗೆಮನೆಗೆ ಕಳಿಸಿದರು.

"ಮತ್ತೆ ರಾಜ ರಾಣಿ ಎಲ್ಲಿ ಕೂರ್ತಾರೆ?"

ವಿಜಯಮ್ಮ ಗ್ಯಾರೇಜಿನ ಮೂಲೆಗೆ ಹೋಗಿ ಗೋಣಿಚೀಲವೊಂದನ್ನು ಸರಿಸಿದರು. ಅದರ ಕೆಳಗೆ, ಮೆಕ್ಯಾನಿಕ್ಕಿನ ಹತ್ತಿರ ಬಿಡದೆ ಟ್ರಕ್ಕಿನಲ್ಲಿ ಹೊರಿಸಿಕೊಂಡು ಬಂದಿದ್ದ ಚಿಕ್ಕ ಎಂಜಿನ್ ಚಕ್ರದ ಹಲಗೆಯ ಮೇಲೆ ಕೂತಿತ್ತು. ಈ ಸಲ ಹಾಗೆ ಹೊರಿಸಿದವರು ಶ್ರೀಕಂಠಯ್ಯನವರಲ್ಲ.

"ಪಾಪ, ಇದೂ ದುಡಿದಿದೆ" ಎಂದು ಅವರು ಹರಳೆಣ್ಣೆಯ ಬಾಟಲಿ ತೆಗೆದುಕೊಂಡರು.